ಬೋಟಿನ ಎಂಜಿನ್‌ಗೆ ಬಜರ್: ವೈರು ಎಲ್ಲಿಂದ ಎಲ್ಲಿಗೆ?

ಪ್ರಶ್ನೆ: ನಮ್ಮದು ಮಲ್ಪೆಯ ಟ್ರಾಲ್ ಬೋಟು. ಆಯಿಲ್ ಪ್ರೆಷರ್ ಇಳಿದರೆ ಒಂದು ದೀಪ, ನೀರು ಬಿಸಿಯಾದರೆ ಇನ್ನೊಂದು ದೀಪ ಹೊತ್ತಿಕೊಳ್ಳುತ್ತದೆ. ಬಿಸಿಲಿನಲ್ಲಿ ಎರಡೂ ಕಾಣುವುದಿಲ್ಲ. ಅವುಗಳ ಜೊತೆಗೇ ಬಜರ್ ಜೋಡಿಸಬಹುದೇ?

ಉತ್ತರ: ಧಾರಾಳವಾಗಿ ಜೋಡಿಸಬಹುದು. ದೀಪ ಹೊತ್ತಿಸುವ ಸ್ವಿಚ್ಚುಗಳೇ ಬಜರನ್ನೂ ಕೂಗಿಸುತ್ತವೆ. ಎಂಜಿನ್ನಿನ ಮೈಗೆ ತಿರುಗಿಸಿ ಕೂರಿಸಿದ ಆ ಸ್ವಿಚ್ಚುಗಳು ಮಾಡುವುದು ಒಂದೇ ಕೆಲಸ: ಅಪಾಯ ಬಂದಾಗ ತಮ್ಮ ವೈರನ್ನು ಎಂಜಿನ್ನಿಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸುವುದು. ಆದ್ದರಿಂದ ಬಜರ್‌ಗೆ ಪ್ಲಸ್ ಅನ್ನು ಕೀ ಸ್ವಿಚ್ ದಾಟಿದ ಮೇಲೆ, ಒಂದೆರಡು ಆಂಪಿಯರ್‌ನ ಫ್ಯೂಸ್ ಮೂಲಕ ಕೊಡಿ. ಮೈನಸ್ ತುದಿ ಸ್ವಿಚ್ಚುಗಳ ಕಡೆಗೆ ಹೋಗಲಿ. ಬ್ಯಾಟರಿ 12 ವೋಲ್ಟೋ 24 ವೋಲ್ಟೋ ನೋಡಿಕೊಂಡೇ ಬಜರ್ ಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲಿ. ಬಜರಿನ ಮೈನಸ್ ಅನ್ನು ಎರಡೂ ಸ್ವಿಚ್ಚುಗಳ ವೈರಿಗೆ ನೇರವಾಗಿ ಕಟ್ಟಿದರೆ ಆ ಎರಡು ವೈರುಗಳು ಒಂದಾಗಿಬಿಡುತ್ತವೆ. ಆಮೇಲೆ ಯಾವ ತೊಂದರೆ ಬಂದರೂ ಎರಡೂ ದೀಪ ಉರಿಯುತ್ತವೆ. ಆಯಿಲ್ ಇಲ್ಲವೋ ನೀರಿಲ್ಲವೋ ಗೊತ್ತಾಗುವುದಿಲ್ಲ. ಬಜರಿನ ಮೈನಸ್‌ಗೂ ಪ್ರತಿ ಸ್ವಿಚ್ಚಿನ ವೈರಿಗೂ ನಡುವೆ ಒಂದೊಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ) ಹಾಕಿ, 1ಎನ್4007 ಸಾಕು. ಅದರ ಬಿಳಿ ಪಟ್ಟಿ ಸ್ವಿಚ್ಚಿನ ಕಡೆಗಿರಬೇಕು, ತಿರುಗಿದರೆ ಬಜರ್ ಕೂಗುವುದಿಲ್ಲ.

ಮುಳ್ಳಿನ ಮೀಟರ್ ಇರುವ ಬೋಟುಗಳಲ್ಲಿ ಇನ್ನೊಂದು ಎಚ್ಚರ. ಪ್ರೆಷರ್ ಅಥವಾ ಬಿಸಿ ಎಷ್ಟಿದೆ ಎಂದು ಮೀಟರಿಗೆ ತಿಳಿಸುವ ಭಾಗಕ್ಕೆ ಸೆಂಡರ್ ಎನ್ನುತ್ತಾರೆ; ಅದು ಸ್ವಿಚ್ ಅಲ್ಲ. ಬಜರನ್ನು ಅದಕ್ಕೆ ಕಟ್ಟಬಾರದು. ಕೆಲವು ಸೆಂಡರ್‌ಗಳಲ್ಲಿ ಎರಡು ಟರ್ಮಿನಲ್ ಇರುತ್ತವೆ: ‘ಜಿ’ ಮೀಟರಿಗೆ, ‘ಡಬ್ಲ್ಯೂಕೆ’ ಎಚ್ಚರಿಕೆಗೆ. ಬಜರಿನ ವೈರು ಎರಡನೆಯದಕ್ಕೆ.

ಎಂಜಿನ್ ನಿಂತಿರುವಾಗ ಆಯಿಲ್ ಪ್ರೆಷರ್ ಇರುವುದಿಲ್ಲ, ಹಾಗಾಗಿ ಕೀ ತಿರುಗಿಸಿದ ಕೂಡಲೇ ಬಜರ್ ಕೂಗಲೇಬೇಕು. ಸ್ಟಾರ್ಟ್ ಆದ ಮೇಲೆ ಸುಮ್ಮನಾಗಬೇಕು. ಇದು ಕಿರಿಕಿರಿ ಎಂದು ವೈರು ಕಿತ್ತುಹಾಕುವವರಿದ್ದಾರೆ. ಆದರೆ ತುಕ್ಕು ಹಿಡಿದು ವೈರು ತುಂಡಾದರೆ ಈ ವ್ಯವಸ್ಥೆ ಯಾವ ಸದ್ದೂ ಮಾಡದೆ ಸಾಯುತ್ತದೆ. ಹಾಗಾಗಿ ಕೀ ತಿರುಗಿಸಿದಾಗ ಕೂಗು ಕೇಳದಿದ್ದರೆ ಬಂದರು ಬಿಡುವ ಮೊದಲೇ ಕಾರಣ ಹುಡುಕಿ. ಉಪ್ಪುಗಾಳಿಗೆ ತವರ ಲೇಪಿಸಿದ ತಾಮ್ರದ ವೈರನ್ನೇ ಬಳಸಿ, ವೈರಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿ ಮಾಡಿ. ಬರೀ ಹೆಣೆದು ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲ ಉಳಿದರೆ ಹೆಚ್ಚು.

ಬಿಸಿಯ ಸ್ವಿಚ್ಚಿಗೆ ಈ ತಾನೇ ಆಗುವ ಪರೀಕ್ಷೆ ಇಲ್ಲ. ಎಂಜಿನ್ ಓಡುವಾಗ ಅದರ ವೈರು ಬಿಚ್ಚಿ, ಬೆಲ್ಟು, ಫ್ಯಾನುಗಳಿಂದ ದೂರವಿರುವ ಲೋಹಕ್ಕೆ ಮುಟ್ಟಿಸಿ. ಬಜರ್ ಕೂಗಿದರೆ ವೈರಿಂಗ್ ಸರಿ. ಸ್ವಿಚ್ ಸರಿ ಇದೆಯೇ ಎಂಬುದು ಬೇರೆ ಮಾತು: ಅದನ್ನು ಕಳಚಿ ಬಿಸಿನೀರಿನಲ್ಲಿ ಅದ್ದಿ ಮಲ್ಟಿಮೀಟರ್ ಹಿಡಿದೇ ನೋಡಬೇಕು.

ಈ ಸ್ವಿಚ್ಚಿಗೆ ಒಂದು ದೌರ್ಬಲ್ಯವೂ ಇದೆ. ಅದು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಬಿಸಿಯನ್ನು ಸರಿಯಾಗಿ ಅಳೆಯುತ್ತದೆ. ಹೋಸ್ ಒಡೆದು ನೀರೆಲ್ಲ ಹೋದರೆ ತಡವಾಗಿ ಕೂಗಬಹುದು, ಕೂಗದೆಯೂ ಇರಬಹುದು. ನಿಮ್ಮದು ಸೈಲೆನ್ಸರಿಗೆ ಸಮುದ್ರದ ನೀರು ಬೆರೆಸಿ ಬಿಡುವ ಎಂಜಿನ್ ಆಗಿದ್ದರೆ, ನೀರು ಬೆರೆಯುವ ಜಾಗ ದಾಟಿದ ರಬ್ಬರ್ ಪೈಪಿನ ಮೇಲೆ ಇನ್ನೊಂದು ಬಿಸಿ ಸ್ವಿಚ್ ಕಟ್ಟುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲ ನೀರೆಳೆಯುವ ಬಾಯಿಗೆ ಅಂಟಿದಾಗ ಮೊದಲು ಬಿಸಿಯಾಗುವುದು ಆ ಪೈಪು. ಅದರ ಒಂದು ವೈರು ಮೈನಸ್‌ಗೆ, ಇನ್ನೊಂದು ಮೂರನೆಯ ಡಯೋಡ್ ಮೂಲಕ ಅದೇ ಬಜರಿಗೆ.