"ಕ್ಲಚ್ ಟೈಟ್ ಮಾಡ್ಕೊಡಿ" ಅನ್ನುವ ಮುನ್ನ

"ಅಣ್ಣಾ, ಪಿಕಪ್ ಇಲ್ಲ. ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಬರೀ ಸೌಂಡ್ ಬರುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಕ್ಲಚ್ ಲೂಸ್ ಆಗಿದೆ ಅನ್ಸುತ್ತೆ, ಸ್ವಲ್ಪ ಟೈಟ್ ಮಾಡ್ಕೊಡಿ."

ಬೆಂಗಳೂರಿನ ಯಾವ ಗ್ಯಾರೇಜಿನ ಮುಂದೆ ಅರ್ಧ ದಿನ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಗಾಡಿ ಮುಟ್ಟಿ ನೋಡಿದರೆ ಕೇಬಲ್ ಆಗಲೇ ವೀಣೆ ತಂತಿಯ ಹಾಗೆ ಬಿಗಿದಿರುತ್ತದೆ. ಇನ್ನೂ ಬಿಗಿ ಮಾಡಿದರೆ ಕೆಡುತ್ತದೆ ಅಂದರೆ ಗಿರಾಕಿಗೆ ಸಮಾಧಾನವಿಲ್ಲ. ಮುಂದಿನ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಸ್ಕ್ರೂ ತಿರುಗಿಸಿಕೊಂಡು ಹೋಗುತ್ತಾರೆ, ಕೆಲವು ವಾರಕ್ಕೆ ಸುಟ್ಟ ಪ್ಲೇಟಿನ ಗಾಡಿ ತಳ್ಳಿಕೊಂಡು ವಾಪಸ್ ಬರುತ್ತಾರೆ. ದಿನವಿಡೀ ಊಟದ ಡೆಲಿವರಿಗೆ ಓಡಾಡುವ ಹುಡುಗರಿಗೆ ಹೀಗಾದಾಗ ಹೊಟ್ಟೆ ಉರಿಯುತ್ತದೆ. ಅವರಿಗೆ ಪ್ಲೇಟಿನ ಖರ್ಚಿನ ಜೊತೆ ಒಂದು ದಿನದ ದುಡಿಮೆಯೂ ಹೋಗುತ್ತದೆ.

ಹಾಗಾಗಿ ಇವತ್ತು ಒಂದೇ ಮಾತು: ಬೈಕಿನ ಕ್ಲಚ್ ಕೇಬಲ್ ಬಿಗಿ ಮಾಡಿದರೆ ಕ್ಲಚ್ ಬಿಗಿಯಾಗುವುದಿಲ್ಲ. ಸಡಿಲವಾಗುತ್ತದೆ.

ಎಂಜಿನ್ನಿನ ಪಕ್ಕದ ಕವರ್ ಬಿಚ್ಚಿದರೆ ಒಳಗೆ ಕ್ಲಚ್ ಪ್ಲೇಟ್, ಸ್ಟೀಲ್ ಪ್ಲೇಟ್, ಮತ್ತೆ ಕ್ಲಚ್ ಪ್ಲೇಟ್, ಹೀಗೆ ಹಪ್ಪಳ ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಇವನ್ನು ಒತ್ತಿ ಹಿಡಿಯುವುದು ಸ್ಪ್ರಿಂಗುಗಳು, ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕು. ನಿಮ್ಮ ಎಡಗೈ ಕ್ಲಚ್ ಲಿವರ್ ಮೇಲೆ ಇಲ್ಲದಿರುವಾಗಲೂ ಅವು ಒತ್ತುತ್ತಲೇ ಇರುತ್ತವೆ. ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ಆ ಒತ್ತಡದಿಂದಲೇ. ಲಿವರ್ ಹಿಡಿದಾಗ ಕೇಬಲ್ ಮಾಡುವ ಕೆಲಸ ಒಂದೇ, ಆ ಒತ್ತಡವನ್ನು ಬಿಡಿಸುವುದು. ಪ್ಲೇಟುಗಳನ್ನು ಒತ್ತುವ ಕೆಲಸ ಕೇಬಲ್‌ನದಲ್ಲವೇ ಅಲ್ಲ.

ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಬಾಗಿಲಿಗೆ ಒಂದು ಹಗ್ಗ ಕಟ್ಟಿದ್ದೀರಿ ಅಂದುಕೊಳ್ಳಿ. ಹಗ್ಗ ಎಳೆದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಮುಚ್ಚುತ್ತದೆ. ಈಗ ಆ ಹಗ್ಗವನ್ನು ಮೊಳೆಗೆ ಬಿಗಿಯಾಗಿ ಕಟ್ಟಿದರೆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚುತ್ತದೆಯೇ? ಇಲ್ಲ, ಸ್ವಲ್ಪ ತೆರೆದೇ ಇರುತ್ತದೆ. ಕೇಬಲ್ ಬಿಗಿ ಮಾಡಿದ ಕ್ಲಚ್ ಹೀಗೆ ಸಂದು ಬಿಟ್ಟ ಬಾಗಿಲು. ನೀವು ಕೈ ತೆಗೆದರೂ ಯಾರೋ ಕಾಲು ಭಾಗ ಲಿವರ್ ಹಿಡಿದುಕೊಂಡೇ ಇದ್ದ ಹಾಗೆ. ಪ್ಲೇಟುಗಳು ಪೂರ್ತಿ ಕಚ್ಚಿಕೊಳ್ಳದೆ ಒಂದಕ್ಕೊಂದು ಉಜ್ಜುತ್ತವೆ, ಕಾದು ಹೊಳಪುಗಟ್ಟುತ್ತವೆ, ಆಮೇಲೆ ಬಿಗಿ ಬಿಚ್ಚಿದರೂ ಕಚ್ಚುವುದಿಲ್ಲ.

ಈ ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. ಡ್ರಮ್ ಬ್ರೇಕಿನ ಕೇಬಲ್ ಬಿಗಿ ಮಾಡಿದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಬಲಗೈಯಲ್ಲಿ ಹಾಗಿದ್ದ ಮೇಲೆ ಎಡಗೈಯಲ್ಲೂ ಹಾಗೇ ಇರಬೇಕು ಅನ್ನಿಸುವುದು ಸಹಜ. ಲಿವರ್ ಒಂದೇ ತರಹ, ಕೇಬಲ್ ಒಂದೇ ತರಹ, ಕೆಲಸ ಮಾತ್ರ ತದ್ವಿರುದ್ಧ. ಬ್ರೇಕ್ ಕೇಬಲ್ ಎಳೆದರೆ ಹಿಡಿತ, ಕ್ಲಚ್ ಕೇಬಲ್ ಎಳೆದರೆ ಬಿಡುಗಡೆ.

ಹಾಗಾದರೆ ಕ್ಲಚ್ ಕೇಬಲ್ ಬಿಗಿ ಮಾಡುವ ಸಂದರ್ಭವೇ ಇಲ್ಲವೇ? ಇದೆ. ಕೇಬಲ್ ಹಿಗ್ಗಿ ಲಿವರ್ ತುಂಬಾ ಸಡಿಲವಾದರೆ, ಪೂರ್ತಿ ಹಿಡಿದರೂ ಪ್ಲೇಟುಗಳು ಬಿಡಿಸಿಕೊಳ್ಳುವುದಿಲ್ಲ. ಆಗ ಫಸ್ಟ್ ಗೇರ್ ಹಾಕಿದಾಗ ಗಾಡಿ ಜಗ್ಗುತ್ತದೆ, ಗೇರ್ ಕಟಕಟ ಅನ್ನುತ್ತದೆ, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಬೀಳುವುದಿಲ್ಲ. ಅಂಥ ಗಾಡಿಗೆ ಬಿಗಿ ಮಾಡುವುದೇ ಸರಿ. ಗೇರ್ ತೊಂದರೆ ಕೊಟ್ಟರೆ ಸಡಿಲವಾಗಿರಬಹುದು, ಪಿಕಪ್ ತೊಂದರೆ ಕೊಟ್ಟರೆ ಬಿಗಿಯಾಗಿರಬಹುದು ಅಥವಾ ಪ್ಲೇಟ್ ಸವೆದಿರಬಹುದು. "ಇರಬಹುದು" ಅಂತಲೇ ಹೇಳುತ್ತೇನೆ, ಗಾಡಿ ನೋಡದೆ ತೀರ್ಮಾನ ಹೇಳುವುದು ತಪ್ಪು. ಬ್ರೇಕ್ ಜಾಮ್ ಆಗಿದ್ದರೂ, ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ, ಚೈನ್ ಅತಿ ಬಿಗಿ ಇದ್ದರೂ, ಟೈರಿನಲ್ಲಿ ಗಾಳಿ ಇಲ್ಲದಿದ್ದರೂ ಪಿಕಪ್ ಹೋಗುತ್ತದೆ. ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗದಿದ್ದರೆ ಕ್ಲಚ್ ವಿಷಯ ಬದಿಗಿಟ್ಟು ಬ್ರೇಕ್, ಚೈನ್ ನೋಡಿ.

ಚಕ್ರ ಸಲೀಸಾಗಿ ತಿರುಗಿದರೆ ಕ್ಲಚ್ ಪರೀಕ್ಷೆ. ಖಾಲಿ ರಸ್ತೆಯಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ 35-40 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒಮ್ಮೆ ಜೋರಾಗಿ ತಿರುಗಿಸಿ. ಎಂಜಿನ್ ಸದ್ದು ಮತ್ತು ವೇಗ ಒಟ್ಟಿಗೆ ಏರಿದರೆ ಕ್ಲಚ್ ಸರಿ ಇದೆ. ಸದ್ದು ಥಟ್ಟನೆ ಏರಿ, ವೇಗ ಹಿಂದಿನಿಂದ ನಿಧಾನಕ್ಕೆ ಬಂದರೆ ಪ್ಲೇಟ್ ಜಾರುತ್ತಿದೆ. ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿದಾಗ ಸುಟ್ಟ ವಾಸನೆ ಬಂದರೆ ಅನುಮಾನ ಇನ್ನೂ ಗಟ್ಟಿ.

ಈಗ ಅಳತೆ. ಲಿವರಿಗೆ ಫ್ರೀ ಪ್ಲೇ ಅಂತ ಇರಬೇಕು. ಅಂದರೆ ಹಿಡಿಯಲು ಶುರು ಮಾಡಿದಾಗ, ಕೇಬಲ್ ಜಗ್ಗುವ ಮುಂಚೆ ಲಿವರ್ ಸುಮ್ಮನೆ ಆಡುವ ಜಾಗ. 100-125 ಸಿಸಿಯ ಹೆಚ್ಚಿನ ಗಾಡಿಗಳಿಗೆ ಲಿವರಿನ ತುದಿಯಲ್ಲಿ ಅಳೆದರೆ 10ರಿಂದ 20 ಮಿ.ಮೀ., ಸುಮಾರು ಒಂದು ಕಿರುಬೆರಳಿನ ಅಗಲ. ಕೆಲವು ಕಂಪನಿಗಳು ಲಿವರಿನ ಬುಡದಲ್ಲಿ ಅಳೆದು 2-3 ಮಿ.ಮೀ. ಅನ್ನುತ್ತವೆ. ನಿಮ್ಮ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುವ ಅಳತೆಯೇ ಕೊನೆಯ ಮಾತು.

ಸರಿಪಡಿಸುವಾಗ ಎಂಜಿನ್ ತಣ್ಣಗಿರಲಿ. ಲಿವರಿನ ಹತ್ತಿರದ ರಬ್ಬರ್ ಹಿಂದೆ ಸರಿಸಿ, ಲಾಕ್ ನಟ್ ಸಡಿಲಿಸಿ, ಅಡ್ಜಸ್ಟರನ್ನು, ಅಂದರೆ ಕೇಬಲ್ ಬಿಗಿ-ಸಡಿಲ ಮಾಡುವ ಸ್ಕ್ರೂವನ್ನು, ಪೂರ್ತಿ ಒಳಕ್ಕೆ ತಿರುಗಿಸಿ. ಮೊದಲ ಹೊಂದಾಣಿಕೆ ಕೆಳಗೆ, ಎಂಜಿನ್ ಹತ್ತಿರದ ನಟ್‌ನಲ್ಲಿ. ಮೇಲಿನದು ಕೊನೆಯ ಒಂದೆರಡು ಸುತ್ತಿಗೆ ಮಾತ್ರ. ಎಷ್ಟೋ ಗಾಡಿಗಳಲ್ಲಿ ಮೇಲಿನ ಅಡ್ಜಸ್ಟರನ್ನೇ ಎಳೆದು ಎಳೆದು ಅದು ಎರಡು ಮೂರು ಎಳೆ ಥ್ರೆಡ್ ಮೇಲೆ ನೇತಾಡುತ್ತಿರುತ್ತದೆ. ಒಂದು ಹಳ್ಳಕ್ಕೆ ಬಿದ್ದರೆ ಮುರಿಯುತ್ತದೆ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೆ ನೋಡಿ. ಎರಡೂ ಕಡೆ ಫ್ರೀ ಪ್ಲೇ ಉಳಿದಿರಬೇಕು. ಒಂದು ಕಡೆ ಮಾಯವಾದರೆ ಕೇಬಲ್ ಹಾದುಹೋಗುವ ದಾರಿ ಎಲ್ಲೋ ತಪ್ಪಿದೆ.

ಇನ್ನೊಂದು ಗುಟ್ಟು, ಗಿರಾಕಿಗಳಿಗೆ ಯಾರೂ ಹೇಳುವುದಿಲ್ಲ. ಕೇಬಲ್ ಹಿಗ್ಗಿದರೆ ಫ್ರೀ ಪ್ಲೇ ಹೆಚ್ಚಾಗುತ್ತದೆ. ಪ್ಲೇಟ್ ಸವೆದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಯಾರೂ ಸ್ಕ್ರೂ ಮುಟ್ಟದೆಯೇ ಲಿವರ್ ತಾನಾಗಿ ಬಿಗಿಯಾಗುತ್ತಾ ಬಂದರೆ ಒಳಗೆ ಪ್ಲೇಟ್ ತೆಳ್ಳಗಾಗುತ್ತಿದೆ ಅಂತ ಅರ್ಥ. ಆಗಲೇ ಸಡಿಲಿಸಿಕೊಂಡರೆ ಉಳಿದ ಪ್ಲೇಟ್ ಇನ್ನಷ್ಟು ದಿನ ಬರುತ್ತದೆ.

ಅಳತೆ ಸರಿ ಇದ್ದೂ ಪ್ಲೇಟ್ ಬೇಗ ಹೋಗುತ್ತಿದ್ದರೆ ಅದು ಓಡಿಸುವ ಕೈಯ ಕೆಲಸ. ಸಿಲ್ಕ್ ಬೋರ್ಡ್ ಕಡೆಗೋ ಕೆ.ಆರ್. ಪುರದ ಟಿನ್ ಫ್ಯಾಕ್ಟರಿ ಕಡೆಗೋ ಸಂಜೆ ಆರಕ್ಕೆ ನಿಂತು ಗಾಡಿಗಳ ಎಡಗೈ ನೋಡಿ. ಹತ್ತಾರು ಜನರ ಎರಡು ಬೆರಳು ಲಿವರ್ ಮೇಲೆ ಮಲಗಿರುತ್ತವೆ. "ನಾನು ಹಾಫ್ ಕ್ಲಚ್‌ನಲ್ಲಿ (ಲಿವರ್ ಅರ್ಧ ಹಿಡಿದುಕೊಂಡು) ಓಡಿಸೋದೇ ಇಲ್ಲ" ಅಂತ ಪ್ರಾಮಾಣಿಕವಾಗಿ ಹೇಳುವವರು ಇವರೇ. ಬೆರಳಿನ ತೂಕಕ್ಕೆ ಫ್ರೀ ಪ್ಲೇ ಮುಗಿದುಹೋಗಿರುತ್ತದೆ, ಹಳ್ಳ ಹಾರಿದಾಗಲೆಲ್ಲ ಕೈ ತಾನಾಗಿ ಇನ್ನಷ್ಟು ಒತ್ತುತ್ತದೆ. ಲಿವರ್ ಹಿಡಿಯದಾಗ ಬೆರಳು ಗ್ರಿಪ್ ಮೇಲಿರಲಿ.

ಆಮೆ ವೇಗದ ಟ್ರಾಫಿಕ್‌ನಲ್ಲಿ ಏನು ಮಾಡುವುದು ಅಂತ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಮುಂದಿನ ವಾಹನ ಎರಡು ಅಡಿ ಸರಿದ ಕೂಡಲೇ ನೀವೂ ಸರಿಯಬೇಡಿ. ಎರಡು ಮೂರು ಗಾಡಿಯ ಉದ್ದ ಜಾಗ ಆಗಲು ಬಿಡಿ, ಫಸ್ಟ್ ಗೇರಿನಲ್ಲಿ ಎತ್ತಿ, ಲಿವರ್ ಪೂರ್ತಿ ಬಿಡಿ. 100 ಸಿಸಿ ಗಾಡಿ ಆಕ್ಸಿಲರೇಟರ್ ಕೊಡದೆ ಸಮತಟ್ಟು ರಸ್ತೆಯಲ್ಲಿ ಫಸ್ಟ್ ಗೇರಿನಲ್ಲಿ ಸುಮಾರು ಮನುಷ್ಯ ನಡೆಯುವ ವೇಗದಲ್ಲಿ ತಾನೇ ಹೋಗುತ್ತದೆ. ಹತ್ತಿರ ಬಂದಾಗ ಲಿವರ್ ಪೂರ್ತಿ ಹಿಡಿದು ಉರುಳಲು ಬಿಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ನಿಮ್ಮ ಪ್ಲೇಟಿಗೆ ಅವರು ದುಡ್ಡು ಕೊಡುವುದಿಲ್ಲ.

ಸೆಕೆಂಡ್ ಗೇರಿನಲ್ಲೇ ಎತ್ತುವ ಅಭ್ಯಾಸ ಬಿಡಿ. ನಿಂತ ಗಾಡಿ ಎತ್ತುವಾಗ ಪ್ಲೇಟಿನಲ್ಲಿ ಹುಟ್ಟುವ ಶಾಖ, ಪ್ಲೇಟುಗಳು ಪೂರ್ತಿ ಕಚ್ಚಿಕೊಳ್ಳುವ ಹೊತ್ತಿಗೆ ಗಾಡಿ ತಲುಪಿದ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಸೆಕೆಂಡ್‌ನಲ್ಲಿ ಆ ವೇಗ ಫಸ್ಟ್‌ಗಿಂತ ಒಂದೂಮುಕ್ಕಾಲು ಪಟ್ಟಿನ ಆಸುಪಾಸು ಇದ್ದರೆ ಶಾಖ ಸುಮಾರು ಮೂರು ಪಟ್ಟು. ಒಂದು ಗೇರ್ ಬದಲಿಸುವ ಶ್ರಮ ಉಳಿಸಲು ಮೂರು ಸಲದ ಸವೆತ.

ಏರಿನಲ್ಲಿ ನಿಂತಾಗ ಗಾಡಿ ಹಿಂದೆ ಜಾರದಂತೆ ಹಾಫ್ ಕ್ಲಚ್, ಹಾಫ್ ಆಕ್ಸಿಲರೇಟರ್‌ನಲ್ಲಿ ಹಿಡಿದು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹಿಂದೆ ಹೆಂಡತಿ, ಟ್ಯಾಂಕಿನ ಮೇಲೆ ಸ್ಕೂಲ್ ಬ್ಯಾಗ್ ಸಮೇತ ಮಗು, ಫ್ಲೈಓವರ್ ಏರಿನ ನಡುವೆ ಜಾಮ್. ಆ ಅಪ್ಪನ ಆತಂಕ ಅರ್ಥವಾಗುತ್ತದೆ. ಆದರೆ ಗಾಡಿ ಹಿಡಿದು ನಿಲ್ಲಿಸಲು ಇರುವುದು ಬ್ರೇಕ್. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ಹೊರಡುವಾಗ ಫಸ್ಟ್ ಗೇರಿನಲ್ಲಿ ಲಿವರ್ ನಿಧಾನಕ್ಕೆ ಬಿಡುತ್ತಾ, ಗಾಡಿ ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಬ್ರೇಕ್ ಬಿಡಿ. ನಾಲ್ಕು ದಿನ ಖಾಲಿ ಏರಿನಲ್ಲಿ ಒಬ್ಬರೇ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಸಿಗ್ನಲ್ ಟೈಮರ್ 30ಕ್ಕಿಂತ ಹೆಚ್ಚು ತೋರಿಸುತ್ತಿದ್ದರೆ ನ್ಯೂಟ್ರಲ್. ಪೂರ್ತಿ ನಿಂತ ಮೇಲೆ ಹುಡುಕಬೇಡಿ, ಸೆಕೆಂಡ್ ಗೇರಿನಲ್ಲಿ ಇನ್ನೂ ಉರುಳುತ್ತಿರುವಾಗಲೇ ಮೆಲ್ಲಗೆ ತಟ್ಟಿದರೆ ಸುಲಭವಾಗಿ ಬೀಳುತ್ತದೆ.

ಆಯಿಲ್ ಬಗ್ಗೆ ಒಂದು ಎಚ್ಚರಿಕೆ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಆದ್ದರಿಂದ ಡಬ್ಬದ ಮೇಲೆ ಜಾಸೋ (JASO, ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಎಂಬಿ ಅಂತ ಇರುವುದು ಗೇರಿಲ್ಲದ ಸ್ಕೂಟರಿಗೆ. ಅದರ ಕ್ಲಚ್ ಆಯಿಲ್‌ನಲ್ಲಿ ಇರುವುದಿಲ್ಲ, ಜಾರುಗುಣ ಹೆಚ್ಚಿದ್ದರೂ ನಡೆಯುತ್ತದೆ. ಮನೆಯಲ್ಲಿ ಉಳಿದ ಕಾರಿನ ಆಯಿಲ್, ಮೈಲೇಜ್ ಹೆಚ್ಚಿಸುತ್ತದೆ ಅಂತ ಮಾರುವ, ಆಯಿಲ್‌ಗೆ ಬೆರೆಸುವ ಆಡಿಟಿವ್, ಎರಡೂ ಬೇಡ. ಹೊಸ ಪ್ಲೇಟ್ ಕೂಡ ಅವುಗಳಿಂದ ಜಾರಬಹುದು.

ಪ್ಲೇಟ್ ಬದಲಿಸುವ ಹೊತ್ತು ಬಂದರೆ ಅರ್ಧ ಕೆಲಸ ಮಾಡಿಸಬೇಡಿ. ಹಲವು 100 ಸಿಸಿ ಗಾಡಿಗಳಲ್ಲಿ ಹೊಸ ಪ್ಲೇಟ್ 3 ಮಿ.ಮೀ. ಆಸುಪಾಸು ಇರುತ್ತದೆ, 2.6ರ ಹತ್ತಿರ ಬಂದರೆ ಬದಲಿಸುವ ಕಾಲ. ಸ್ಪ್ರಿಂಗುಗಳನ್ನೂ ಜೊತೆಗೇ ಬದಲಿಸಿ, ಕಾದ ಸ್ಪ್ರಿಂಗ್ ಕುಗ್ಗಿರುತ್ತದೆ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಸೊಟ್ಟಗಾಗಿದೆಯೇ ನೋಡಬೇಕು, ನೀಲಿ ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿ ಕಾದಿದೆ. ಹೊಸ ಪ್ಲೇಟನ್ನು ಕೆಲವು ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿಯೇ ಕೂರಿಸಬೇಕು. ಒಣಗಿದ್ದನ್ನು ಹಾಕಿದರೆ ಮೊದಲ ಕಿಲೋಮೀಟರಿನಲ್ಲೇ ಕಾಯುತ್ತದೆ. ಹಳೇ ಆಯಿಲ್‌ನಲ್ಲಿ ಸುಟ್ಟ ಪ್ಲೇಟಿನ ಪುಡಿ ಇರುತ್ತದೆ, ಆಯಿಲ್ ಬದಲಿಸಿ, ಆಯಿಲ್ ಸೋಸುವ ಜಾಲರಿ (ಸ್ಟ್ರೈನರ್) ತೊಳೆಸಿ. ಜೆ.ಸಿ. ರಸ್ತೆಯಲ್ಲಿ ಪ್ಲೇಟ್ ಸೆಟ್ ಎಲ್ಲ ಬೆಲೆಗೂ ಸಿಗುತ್ತದೆ, ಕಂಪನಿಯ ಸೀಲ್ ಇರುವ ಪೊಟ್ಟಣ ಕೇಳಿ, ಬಿಲ್ ತೆಗೆದುಕೊಳ್ಳಿ.

ಮಳೆಗಾಲ ಮುಗಿದ ಮೇಲೆ ಕೇಬಲ್ ಒಮ್ಮೆ ನೋಡಿ. ಲಿವರ್ ಕಡೆಯ ತುದಿಯಿಂದ ನೀರು ಇಳಿದು ಒಳಗೆ ತುಕ್ಕು ಹಿಡಿಯುತ್ತದೆ, ಲಿವರ್ ಭಾರವಾಗುತ್ತದೆ, ಬಿಟ್ಟಾಗ ಪೂರ್ತಿ ವಾಪಸ್ ಹೋಗುವುದಿಲ್ಲ. ಅದೂ ಹಾಫ್ ಕ್ಲಚ್ಚೇ. ಲಿವರ್ ಬಳಿ ತಂತಿಯ ಎಳೆಗಳು ಒಂದೆರಡು ಬಿಟ್ಟುಕೊಂಡಿದ್ದರೆ ಅವತ್ತೇ ಬದಲಿಸಿ. ಎಳೆ ಸರಿ ಇದ್ದರೆ ತುದಿ ಬಿಚ್ಚಿ ಐದಾರು ಹನಿ ಎಂಜಿನ್ ಆಯಿಲ್ ಒಳಗೆ ಇಳಿಸಿ, ಲಿವರ್ ಬೋಲ್ಟಿಗೆ ಗ್ರೀಸ್ ಹಚ್ಚಿ. ಆಮೇಲೆ ಫ್ರೀ ಪ್ಲೇ ಮತ್ತೆ ಅಳೆಯಿರಿ. ಗ್ಯಾರೇಜಿನಲ್ಲಿ ಮಾಡಿಸಿದ್ದಾದರೆ ದುಡ್ಡು ಕೊಡುವ ಮುಂಚೆ, ಮೆಕ್ಯಾನಿಕ್ ಎದುರಿಗೇ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ, ಲಿವರಿನ ತುದಿಯಲ್ಲಿ ಕಿರುಬೆರಳು ಇಟ್ಟು ನೋಡಿ.