ಮಳೆಗಾಲದಲ್ಲಿ ಬಾಯಿ ಬಿಡದ ಚಾಕು

ಫ್ರಾನ್ಸಿನ ಆಲ್ಪ್ಸ್ ಸೀಮೆಯ ಸವೋಯ್ ಪ್ರಾಂತ್ಯದಲ್ಲಿ ಒಂದು ಪುಟ್ಟ ಕಸರತ್ತಿಗೆ ‘ಸವೋಯ್‌ನವನ ಏಟು’ ಎಂದೇ ಹೆಸರು. ತೇವ ಕುಡಿದು ಬಿಗಿದುಕೊಂಡ ಮಡಿಸುವ ಚಾಕುವಿನ ಹಿಡಿಯ ಹಿಂತುದಿಯನ್ನು ಮೇಜಿಗೋ ಕಲ್ಲಿಗೋ ಟಕ್ಕನೆ ಕುಟ್ಟುತ್ತಾರೆ. ಅಲಗು ಉಗುರಿಗೆ ಸಿಗುವಷ್ಟು ಮೇಲೇಳುತ್ತದೆ. ಆ ಚಾಕು ಓಪಿನೆಲ್. 1890ರಲ್ಲಿ ಜೋಸೆಫ್ ಓಪಿನೆಲ್ ರೂಪಿಸಿದ್ದು. 1897ರಲ್ಲಿ ಅದಕ್ಕೆ 1ರಿಂದ 12ರವರೆಗೆ ಅಳತೆಗಳು ಬಂದವು. 1 ಮತ್ತು 11 ಆಮೇಲೆ ನಿಂತುಹೋದವು. ಅಲಗು ಕೈಮೇಲೆ ಮಡಚದಂತೆ ತಡೆಯುವ ತಿರುಗುವ ಲೋಹದ ಬಳೆ ಬಂದದ್ದು 1955ರಲ್ಲಿ.

ಚಾಕು ಸಂಗ್ರಹಕ್ಕೆ ಹೊಸದಾಗಿ ಇಳಿದವರು ಜುಲೈ ತಿಂಗಳಲ್ಲಿ ಈ ಚಾಕು ತೆರೆಯದಿದ್ದರೆ ‘ಕಳಪೆ ಮಾಲು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮಲೆನಾಡಿನ ಮನೆಯ ಬಾಗಿಲು ಮಳೆಗಾಲದಲ್ಲಿ ಚೌಕಟ್ಟಿಗೆ ಕಚ್ಚಿಕೊಂಡರೆ ಬಡಗಿಯನ್ನು ಬೈಯುವುದಿಲ್ಲ, ಅಲ್ಲವೇ? ಎರಡರಲ್ಲೂ ನಡೆಯುವುದು ಒಂದೇ.

ಮರವೆಂದರೆ ಒಣಹುಲ್ಲಿನ ಬಿಗಿ ಕಟ್ಟು. ಒಂದೊಂದು ಹುಲ್ಲೂ ಒಂದು ಟೊಳ್ಳು ಜೀವಕೋಶ. ಗಾಳಿಯ ತೇವ ಆ ಟೊಳ್ಳಿನಲ್ಲಿ ತುಂಬಿಕೊಳ್ಳುವುದಿಲ್ಲ, ಕೋಶದ ಗೋಡೆಯೊಳಗೆ ನುಸುಳುತ್ತದೆ. ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಹೆಚ್ಚುಕಡಿಮೆ ಉದ್ದಕ್ಕೆ ಮಲಗಿವೆ. ನೀರು ಎಳೆಗಳ ನಡುವೆ ತೂರಿ ಅವನ್ನು ದೂರ ತಳ್ಳುತ್ತದೆ. ಊಟದ ಪಂಕ್ತಿಯಲ್ಲಿ ನಡುನಡುವೆ ನಾಲ್ಕು ಜನ ನುಗ್ಗಿ ಕೂತರೆ ಪಂಕ್ತಿ ಉದ್ದವಾಗುತ್ತದೆ, ಕೂತವರ ಎತ್ತರವೇನೂ ಹೆಚ್ಚುವುದಿಲ್ಲ. ಮರವೂ ಹಾಗೇ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ.

ಅಡ್ಡಕ್ಕೆ ಎಂಬುದರಲ್ಲೂ ಭೇದವಿದೆ. ಓಪಿನೆಲ್‌ನ ಮಾಮೂಲಿ ಹಿಡಿ ಬೀಚ್ ಮರದ್ದು. ಹಸಿಮರ ಪೂರ್ತಿ ಒಣಗುವಾಗ ಬೀಚ್, ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ. 11.5 ಕುಗ್ಗುತ್ತದೆ, ಉಂಗುರಗಳಿಗೆ ಅಡ್ಡಲಾಗಿ ಅದರ ಅರ್ಧದಷ್ಟೇ. ನಮ್ಮ ತೇಗದಲ್ಲಿ ಈ ಅಂಕಿಗಳು ಸುಮಾರು 5 ಮತ್ತು 2.5. ಗಾಳಿಯ ಆರ್ದ್ರತೆ ಶೇ. 30 ಇದ್ದಾಗ ಮರದಲ್ಲಿ ತೂಕದ ಶೇ. 6ರಷ್ಟು ನೀರಿರುತ್ತದೆ, ಆರ್ದ್ರತೆ 90ಕ್ಕೇರಿದರೆ 20ರ ಹತ್ತಿರ. ಬೇಸಿಗೆಯ ಕಲಬುರಗಿಯಿಂದ ಮಳೆಗಾಲದ ಮಂಗಳೂರಿಗೆ ಹೋದ ಹಾಗೆ. ಹೀಗೆ ಶೇ. 6ರಿಂದ 20ರವರೆಗೆ ತೇವ ಹೀರಿದರೆ 20 ಮಿ.ಮೀ. ಅಗಲದ ಬೀಚ್ ಹಿಡಿ ಸುಮಾರು 1 ಮಿ.ಮೀ. ಉಬ್ಬಬಹುದು. ಅಲಗಿನ ದಪ್ಪವೇ 2 ಮಿ.ಮೀ. ಇಲ್ಲದ ಚಾಕುವಿಗೆ ಇದು ದೊಡ್ಡ ಮಾತು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ‘ಮರ ಉಬ್ಬಿದರೆ ಅದರ ಸೀಳು ಕಿರಿದಾಗುತ್ತದೆ’ ಎನ್ನುತ್ತಾರೆ. ತಡೆಯಿಲ್ಲದಿದ್ದರೆ ಸೀಳೂ ಮರದ ಜೊತೆಗೇ ಹಿಗ್ಗುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವವರು ಅದನ್ನು ಕಾಯಿಸುವುದು ಪಟ್ಟಿಯ ಒಳಗಿನ ತೆರವೂ ದೊಡ್ಡದಾಗಲಿ ಎಂದೇ. ಓಪಿನೆಲ್‌ನಲ್ಲಿ ಹಿಡಿಯ ತಲೆಗೆ ಉಕ್ಕಿನ ಬಳೆ ತೊಡಿಸಿದ್ದಾರೆ, ಅಡ್ಡಲಾಗಿ ರಿವೆಟ್ ಹೊಡೆದಿದ್ದಾರೆ. ಹೊರಕ್ಕೆ ಹಿಗ್ಗಲು ಜಾಗವಿಲ್ಲದ ಮರ ಒಳಕ್ಕೆ ನುಗ್ಗಿ ಅಲಗನ್ನು ಅದುಮುತ್ತದೆ. ಹೆಚ್ಚಿನ ತಪ್ಪು ಬಳೆಯದ್ದು, ಮರದ್ದಲ್ಲ!

ಹಾಗಾಗಿ ಕೊಳ್ಳುವಾಗ ಹಿಡಿಯ ಹಿಂತುದಿ ನೋಡಿ. ಉಂಗುರದ ಗೆರೆಗಳು ಅಲಗಿಗೆ ಸಮಾನಾಂತರವಾಗಿದ್ದರೆ ಹಿಂಡುವ ದಿಕ್ಕಿನಲ್ಲಿ ಉಬ್ಬು ಅರ್ಧ ಮಾತ್ರ. ಗೆರೆಗಳು ಅಲಗಿಗೆ ಅಡ್ಡಲಾಗಿದ್ದರೆ ಮಳೆಗಾಲ ಬಂದೊಡನೆ ಗೊತ್ತಾಗುತ್ತದೆ. ಬಿಗಿದ ಚಾಕುವನ್ನು ಓವನ್ನಿಗೆ ಹಾಕಬಾರದು. ಹೊರಪದರ ಮೊದಲು ಒಣಗಿ ಸೀಳುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಒಂದು ವಾರ ಇಡಿ. ಆಮೇಲೂ ಬಿಗಿ ಎನಿಸಿದರೆ 120 ನಂಬರಿನ ಉಜ್ಜುಕಾಗದವನ್ನು ರಟ್ಟಿಗೆ ಸುತ್ತಿ ಸೀಳಿನ ಒಳಗೋಡೆಗಳನ್ನು, ತಲೆಯ ಹತ್ತಿರ ಮಾತ್ರ, ನಾಲ್ಕೈದು ಸಲ ಎಳೆಯಿರಿ.

‘ಗಟ್ಟಿ ಮರ ಅಲ್ಲಾಡುವುದಿಲ್ಲ’ ಎಂಬುದೂ ಅರೆಸತ್ಯ. ಸಾಂದ್ರತೆ ಹೆಚ್ಚಿದಷ್ಟೂ ಕೋಶದ ಗೋಡೆ ಹೆಚ್ಚು, ನೀರು ನುಸುಳಲು ಜಾಗವೂ ಹೆಚ್ಚು. ದೋರ್ದೋನ್ಯ್ ಜಿಲ್ಲೆಯ ನೋಂಟ್ರೋಂ ಚಾಕುಗಳ ಹಿಡಿ ಬಾಕ್ಸ್‌ವುಡ್‌ನದು. ಭಾರದ, ದಂತದಂಥ ನುಣುಪಿನ ಮರ. ಕುಗ್ಗುವುದರಲ್ಲಿ ಮಾತ್ರ ಅಗ್ರಗಣ್ಯ. ಆದರೂ ಅದನ್ನೇ ಆರಿಸಿದ್ದಕ್ಕೆ ಕಾರಣ ಸೂಕ್ಷ್ಮ ರಂಧ್ರಗಳು. ಕಾಯಿಸಿದ ಕಬ್ಬಿಣದಿಂದ ಸುಟ್ಟು ಮೂಡಿಸುವ ಚುಕ್ಕೆ, ತಲೆಕೆಳಗಾದ ‘ವಿ’ ಗುರುತು ಅದರಲ್ಲಿ ಮಸುಕಾಗದೆ ನಿಲ್ಲುತ್ತದೆ. ತೇವದ ಊರಿನವರಿಗೆ ಇದಕ್ಕಿಂತ ಅಕ್ರೋಟು ಮರ ವಾಸಿ. ಆಲಿವ್ ನೋಡಲು ಚೆಂದ, ಬಿರುಕಿಗೂ ಹೆಸರುವಾಸಿ. ಎಬೊನಿ ಕರಿಕಲ್ಲಿನಂತೆ ಕಂಡರೂ ಸಿಡಿಯುವ ಸ್ವಭಾವದ್ದು. ಬೀಟೆಮರದ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದಲ್ಲಿದೆ. ಹಳೆಯ ಚಾಕು ತರಿಸುವ ಮುನ್ನ ಕಾಗದಪತ್ರ ವಿಚಾರಿಸಿ.

ಇನ್ನು ಎಲ್ಲರ ಬಾಯಲ್ಲಿರುವ ಲಾಯೋಲ್ ಚಾಕು. ಬರೆಯುವಾಗ ನಡುವೆ ‘ಗ’ ಇದೆ, ಉಚ್ಚಾರದಲ್ಲಿ ಇಲ್ಲ. ಅದು ಅವೆರೋನ್ ಜಿಲ್ಲೆಯ ಹಳ್ಳಿಯ ಹೆಸರು. ಅಲ್ಲಿನ ಚಾಕುವಿನ ಕಥೆ 1829ರಲ್ಲಿ ಪಿಯೇರ್-ಜಾನ್ ಕಾಲ್ಮೆಲ್‌ನಿಂದ ಶುರುವಾಗುತ್ತದೆ. ಆ ಹೆಸರು ಒಂದು ಕಂಪನಿಯ ಬ್ರ್ಯಾಂಡಲ್ಲ, ಒಂದು ಮಾದರಿ. ಬಹುಪಾಲು ತಯಾರಾಗುತ್ತಿದ್ದದ್ದು ತಿಯೇರ್ ಪಟ್ಟಣದಲ್ಲಿ. ಅಲ್ಲಿ ದ್ಯುರೋಲ್ ನದಿಯ ನೀರಿನಿಂದ ತಿರುಗುವ ಸಾಣೆಕಲ್ಲಿನ ಮೇಲೆ ಕೆಲಸಗಾರರು ಹಲಗೆಯ ಮೇಲೆ ಬೋರಲು ಮಲಗಿ ಅಲಗು ಉಜ್ಜುತ್ತಿದ್ದರು. ಚಳಿಗೆ ಕಾಲ ಮೇಲೆ ನಾಯಿ ಮಲಗಿಸಿಕೊಳ್ಳುತ್ತಿದ್ದರು. ಲಾಯೋಲ್‌ನ ಸ್ಪ್ರಿಂಗ್ ಮೇಲಿನ ಜೇನುನೊಣದ ಆಕೃತಿ ನೆಪೋಲಿಯನ್ ಕೊಟ್ಟ ಬಿರುದು ಎಂಬುದು ಕಟ್ಟುಕಥೆ; ಆ ನೊಣ ಬಂದದ್ದು 20ನೇ ಶತಮಾನದಲ್ಲಿ, ನೆಪೋಲಿಯನ್ ಸತ್ತು ಎಷ್ಟೋ ಕಾಲವಾದ ಮೇಲೆ.

ಲಾಯೋಲ್‌ನಲ್ಲಿ ಎರಡು ಲೋಹದ ತಗಡುಗಳ ಹೊರಬದಿಗೆ ಮರದ ಹೋಳುಗಳನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಅಲಗು ಲೋಹದ ನಡುವೆ ಆಡುವುದರಿಂದ ಮರ ಅದನ್ನು ಹಿಂಡುವುದಿಲ್ಲ. ಬದಲಿಗೆ ಮೊಳೆಯಿಂದ ನಾರಿನ ಗುಂಟ ಬಿರುಕು ಹೊರಡುತ್ತದೆ, ಅಥವಾ ಒಣಗಿದ ಹೋಳು ಕುಗ್ಗಿ ತಗಡಿನ ಅಂಚು ಹೆಬ್ಬೆರಳಿಗೆ ತಗಲುತ್ತದೆ.

ಕೊಂಬಿನ ಹಿಡಿ ಕೊಳ್ಳುವುದಾದರೆ ಕೊಂಬಿನ ತುದಿಯದ್ದೇ ಕೇಳಿ. ಬುಡದ ಭಾಗದೊಳಗೆ ಎಲುಬು ಇರುತ್ತದೆ, ಅದನ್ನು ತೆಗೆದರೆ ಟೊಳ್ಳು. ತುದಿ ಮಾತ್ರ ಘನ. ಟೊಳ್ಳು ಭಾಗವನ್ನು ಕಾಯಿಸಿ, ಒತ್ತಿ ಚಪ್ಪಟೆ ಮಾಡುತ್ತಾರೆ. ಕೊಂಬು ನಮ್ಮ ಉಗುರಿನಂತೆ ಕೆರಾಟಿನ್. ಶಾಖ, ತೇವ ಸಿಕ್ಕರೆ ಹಳೆಯ ಬಾಗು ನೆನಪಾಗಿ ಹೋಳು ತಗಡಿನಿಂದ ಎದ್ದೇಳುತ್ತದೆ. ಉಣ್ಣೆ ತಿನ್ನುವ ಕಾರ್ಪೆಟ್ ಹುಳದ ಮರಿಗಳಿಗೆ ಕೊಂಬೂ ಪ್ರಿಯ, ಮುಚ್ಚಿಟ್ಟ ಚಾಕುಗಳನ್ನು ಆಗಾಗ ತೆಗೆದು ನೋಡಬೇಕು.

ಎಣ್ಣೆ ಮರಕ್ಕೆ ‘ಪೋಷಣೆ’ ಕೊಡುವುದಿಲ್ಲ. ಸತ್ತ ಮರಕ್ಕೆ ಹಸಿವೆಲ್ಲಿಯದು? ಎಣ್ಣೆ ತೇವದ ಓಡಾಟವನ್ನು ನಿಧಾನಿಸುತ್ತದೆ ಅಷ್ಟೇ. ಕೊಬ್ಬರಿ ಎಣ್ಣೆ ಗಾಳಿಗೆ ಗಟ್ಟಿಯಾಗುವುದಿಲ್ಲ, ಅಂಟಂಟಾಗಿ ಉಳಿದು ಕಮಟುತ್ತದೆ. ಅಗಸೆ ಎಣ್ಣೆ ಆಮ್ಲಜನಕದ ಜೊತೆ ಕೂಡಿ ಪೊರೆಯಾಗುತ್ತದೆ. ವಾರ್ನಿಷ್ ಉಜ್ಜಿ ತೆಗೆದು, ಒಣ ಹವೆಯಲ್ಲಿ ತೆಳ್ಳಗೆ ಹಚ್ಚಿ, 20 ನಿಮಿಷ ಬಿಟ್ಟು, ಉಳಿದದ್ದನ್ನು ಪೂರ್ತಿ ಒರೆಸಿ. ಮುಂದಿನ ಕೋಟಿಗೆ ಎರಡು ಮೂರು ದಿನ ಕಾಯಬೇಕು. ಮೂರು ಕೋಟು ಸಾಕು. ಸೀಳಿನ ಒಳಗೂ ಹಚ್ಚುವುದನ್ನು ಮರೆಯಬೇಡಿ, ತೇವ ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆಯಬೇಡಿ: ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಮಡಿಕೆಗಳಲ್ಲಿ ಕೂಡಿ ತಾನಾಗಿ ಬೆಂಕಿ ಹೊತ್ತಬಹುದು. ನೀರಿನಲ್ಲಿ ಅದ್ದಿ, ಹೊರಗೆ ಹರವಿ ಒಣಗಿಸಿ, ಆಮೇಲೆ ಬಿಸಾಡಿ.