ಮಾರ್ಚ್ ಬಿಸಿಲಲ್ಲೂ ಸ್ವೆಟರ್

ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬರುತ್ತೋ ಅಂತ ಎಲ್ಲರೂ ಆಕಾಶ ನೋಡುತ್ತಿದ್ದ ಸಮಯ. ಸೋಮವಾರಪೇಟೆ ಕಡೆಯಿಂದ ಗಂಡ ಹೆಂಡತಿ ಬಂದರು. ಗಂಡ ಬೆವರು ಒರೆಸಿಕೊಳ್ಳುತ್ತಿದ್ದರೆ ಆಕೆ ಸ್ವೆಟರ್ ಹಾಕಿ ತಲೆಗೆ ಸ್ಕಾರ್ಫ್ ಕಟ್ಟಿದ್ದರು.

"ಡಾಕ್ಟ್ರೇ, ಮೊದಲು ತೋಟದ ಲೆಕ್ಕ ಎಲ್ಲ ಇವಳೇ ನೋಡ್ತಿದ್ದಳು. ಈಗ ಕೂತಲ್ಲೇ ನಿದ್ದೆ. ಕೇಳಿದ್ರೆ ಅಳು."

ಮನೆಯಲ್ಲಿ ಅತ್ತೆ ಆಗಲೇ ಸೋಮಾರಿ ಅಂತ ಹೆಸರಿಟ್ಟಾಗಿತ್ತು.

ರಬ್ಬರ್ ಸುತ್ತಿಗೆಯಿಂದ ಹಿಮ್ಮಡಿಯ ಮೇಲ್ಭಾಗಕ್ಕೆ ತಟ್ಟಿದೆ. ಪಾದ ಚಕ್ಕನೆ ಅಲುಗಿತು, ಆದರೆ ಮೊದಲಿನ ಜಾಗಕ್ಕೆ ಮರಳುವಾಗ ನಿಧಾನಕ್ಕೆ, ತೂಕಡಿಸಿದ ಹಾಗೆ ಇಳಿಯಿತು. ದನಿ ದಪ್ಪ. ಚರ್ಮ ಒರಟು. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 68 ಬಂತು. ಸಾಮಾನ್ಯವಾಗಿ 4-5ರ ಒಳಗಿರಬೇಕು.

ಟಿಎಸ್‌ಎಚ್ ಅಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕುತ್ತಿಗೆಯ ಥೈರಾಯ್ಡ್‌ಗೆ ಹಾಕುವ ಕೂಗು. ಅದು ಓಗೊಡದಿದ್ದರೆ ಕೂಗು ಜೋರಾಗುತ್ತಾ ಹೋಗುತ್ತದೆ. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದಾಗ ಹೃದಯ, ಕರುಳು, ಮಿದುಳು ಎಲ್ಲವೂ ನಿಧಾನ. ಮರೆವು, ಬೇಸರ, ಯಾರ ಜೊತೆಗೂ ಮಾತು ಬೇಡ ಅನ್ನೋದು ಎಲ್ಲ ಇದರ ಹಿಂದೆಯೇ ಬರುತ್ತವೆ. 1949ರಲ್ಲಿ ರಿಚರ್ಡ್ ಆಶರ್ ಎಂಬ ಲಂಡನ್ ವೈದ್ಯರು, ಈ ಕೊರತೆಯಿಂದಲೇ ಬುದ್ಧಿ ಕೆಟ್ಟಂತಾಗಿದ್ದ 14 ಜನರ ಬಗ್ಗೆ ಬರೆದರು. ಥೈರಾಯ್ಡ್ ಔಷಧಿಯಿಂದ ಅವರಲ್ಲಿ ಹೆಚ್ಚಿನವರು ಸುಧಾರಿಸಿದರು. ಹಾರ್ಮೋನ್ ಜಾಸ್ತಿಯಾದರೆ ಉಲ್ಟಾ: ಕೈ ನಡುಕ, ಎದೆ ಡವಡವ, ಸುಮ್ನೆ ಸಿಡುಕು.

ಆಕೆಗೆ ಥೈರಾಯ್ಡ್ ಮಾತ್ರೆ ಶುರು ಮಾಡಿದೆ. ಎರಡು ತಿಂಗಳ ಮೇಲೆ ನೋಡಿದರೆ ಟಿಎಸ್‌ಎಚ್ ಅಷ್ಟೇನೂ ಇಳಿದಿಲ್ಲ. ಮಾತ್ರೆ ತಪ್ಪಿಸಿಲ್ಲ ಅಂದರು. ಯಾವುದರ ಜೊತೆ ನುಂಗ್ತೀರಿ ಅಂದೆ. "ಬೆಳಿಗ್ಗೆ ಬೆಲ್ಲದ ಕಾಫಿ ಜೊತೆಗೇ ಡಾಕ್ಟ್ರೇ." ಕೊಡಗಿನಲ್ಲಿ ಇದನ್ನು ಮೊದಲ ದಿನವೇ ಕೇಳಬೇಕಿತ್ತು, ತಪ್ಪು ನನ್ನದೇ. ಕಾಫಿ ಜೊತೆ ಹೋದರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆ ಅಂತರ ಬೇಕು. ಮಳೆಗಾಲದಲ್ಲಿ ಬಾಟಲಿ ಮುಚ್ಚಳ ಬಿಗಿಯಾಗಿರಲಿ, ತೇವ ತಾಗಿದರೆ ಮಾತ್ರೆ ಕೆಡುತ್ತದೆ. ಒಲೆ ಮೇಲಿನ ಅಟ್ಟದಲ್ಲಂತೂ ಇಡಲೇಬೇಡಿ, ಬಿಸಿಯೂ ಅದಕ್ಕೆ ಆಗುವುದಿಲ್ಲ.

ಹಾಗಂತ ಎಲ್ಲವನ್ನೂ ಹಾರ್ಮೋನ್ ತಲೆಗೆ ಕಟ್ಟುವುದೂ ಸರಿಯಲ್ಲ. ರಿಪೋರ್ಟ್ ಸರಿ ಇದ್ದರೂ ಥೈರಾಯ್ಡೇ ಇರಬೇಕು ಅಂತ ಹಠ ಹಿಡಿದು ಬರುವವರಿದ್ದಾರೆ. ಸ್ವಲ್ಪ ಹೊತ್ತು ಕೂರಿಸಿ ಮಾತಾಡಿಸಿದರೆ ಮನೆಯಲ್ಲಿ ಕುಡಿತ ಇರುತ್ತದೆ, ಸಾಲ ಇರುತ್ತದೆ, ತಿಂಗಳುಗಟ್ಟಲೆ ನಿದ್ದೆ ಇರುವುದಿಲ್ಲ. ಅಂಥವರಿಗೆ ಥೈರಾಯ್ಡ್ ಮಾತ್ರೆ ಕೊಟ್ಟರೆ ಎದೆಬಡಿತ ಜಾಸ್ತಿಯಾದೀತೇ ಹೊರತು ಮನಸ್ಸು ಹಗುರಾಗುವುದಿಲ್ಲ.

ಆಕೆ ಮತ್ತೆ ಬಂದಿದ್ದು ಕಾಫಿ ಕೊಯ್ಲಿನ ನಡುವೆ. ಸ್ವೆಟರ್ ಇರಲಿಲ್ಲ, ಬ್ಯಾಗಲ್ಲಿ ಆಳುಗಳ ಲೆಕ್ಕದ ಪುಸ್ತಕ ಇತ್ತು. ಈ ಸಲ ಜೊತೆಗೆ ಬಂದವರು ಅತ್ತೆ. ಸೊಸೆ ಎದ್ದ ಮೇಲೆ ಅದೇ ಕುರ್ಚಿಯಲ್ಲಿ ಕೂತು, ತೋಳು ಮೇಲೆ ಸರಿಸಿ, "ನನಗೂ ಒಂದ್ಸಲ ರಕ್ತ ನೋಡಿ" ಅಂದರು.